ಅಂಟಿಸಿದ್ದನ್ನು ಬಿಚ್ಚುವ ಕ್ಲೆಮ್ ಟ್ರೆಗಿಯರ್

ಮೂಂಟಾ ಎಂಬ ನಮ್ಮೂರಿನಲ್ಲಿ ಯಾರ ಮನೆಯಲ್ಲಾದರೂ ಗಿಟಾರೊಂದು ಮುರಿದರೆ ಮೊದಲು ಬೈಗುಳ ಕೇಳಿಸುತ್ತದೆ, ಆಮೇಲೆ ಕ್ಲೆಮ್ ಟ್ರೆಗಿಯರನ ಕಾರಿನ ಸದ್ದು. ದನ ಸತ್ತ ಸುದ್ದಿಯನ್ನು ಹದ್ದಿಗೆ ಯಾರು ಮುಟ್ಟಿಸುತ್ತಾರೋ ಅವರೇ ಇವನಿಗೂ ಮುಟ್ಟಿಸುತ್ತಾರೆ ಎಂದು ಊರಿನವರ ಅಂಬೋಣ. ನಿಜ ಹೇಳಬೇಕೆಂದರೆ ಮುಟ್ಟಿಸುತ್ತಿದ್ದವಳು ಡಲ್ಸಿ. ಚರ್ಚಿನ ಹೆಂಗಸರು ನಡೆಸುವ ಹಳೇ ಸಾಮಾನಿನ ಅಂಗಡಿಯಲ್ಲಿ ಅವಳದೇ ಯಜಮಾನಿಕೆ. ಸತ್ತವರ ಕೋಟುಗಳು, ಬಸಿಯಿಲ್ಲದ ಕಪ್ಪುಗಳು, ಯಾರೋ ಹುಮ್ಮಸ್ಸಿನಲ್ಲಿ ಕೊಂಡು ಒಂದೇ ದಿನ ತುಳಿದ ವ್ಯಾಯಾಮದ ಸೈಕಲ್ಲು, ಇವುಗಳ ನಡುವೆ ಗಿಟಾರೊಂದು ಬಂದು ಬಿದ್ದರೆ ಅವಳು ಬೆಲೆಚೀಟಿ ಹಚ್ಚುವ ಮೊದಲೇ ಫೋನು ಎತ್ತುತ್ತಿದ್ದಳು.

"ಕ್ಲೆಮ್, ಒಂದು ಬಂದಿದೆ. ಬೆನ್ನು ಬಿಟ್ಟಿದೆ, ಕತ್ತು ಬಾಗಿದೆ, ಹೊಟ್ಟೆಯೊಳಗೆ ಇಲಿ ಗೂಡು ಕಟ್ಟಿದೆ."

"ಇಲಿ ಇದೆಯಾ, ಬರೀ ಗೂಡಾ?"

"ಇಲಿ ಬೇಕಿದ್ರೆ ಅದಕ್ಕೆ ಬೇರೆ ರೇಟು."

ಒಳ್ಳೆಯ ಗಿಟಾರು ಕ್ಲೆಮ್‌ಗೆ ಬೇಡ. ಅಂಥವು ಅಡಿಲೇಡ್ ಪಟ್ಟಣದ ದುಡ್ಡಿರುವ ಹಲ್ಲಿನ ಡಾಕ್ಟರುಗಳಿಗಿರಲಿ ಎನ್ನುತ್ತಿದ್ದ. ಇವನಿಗೆ ಬೇಕಾದದ್ದು ಐವತ್ತು ಅರವತ್ತು ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಿ, ಅಂಚೆಯಲ್ಲಿ ಊರೂರಿಗೆ ಕಳಿಸಿದ ಅಗ್ಗದ ಮಾಲು. ಅದರಲ್ಲಿ ಮರದ ಗೆರೆಗಳೂ ಬಣ್ಣ ಬಳಿದವೇ, ಅಂಚಿನ ಬಿಳಿ ಪಟ್ಟಿಯೂ ಬಣ್ಣ ಬಳಿದದ್ದೇ. ಹೊಸದಾಗಿದ್ದಾಗಲೂ ಅದನ್ನು ಯಾರೂ ಚೆನ್ನಾಗಿದೆ ಎಂದಿರಲಿಲ್ಲ. ಹಾಗೆ ಯಾರಿಗೂ ಬೇಡವಾದದ್ದನ್ನು ತಂದು, ತಿಂಗಳುಗಟ್ಟಲೆ ಕೂತು, ಹುಟ್ಟಿದ ದಿನ ಹೇಗಿತ್ತೋ ಅದಕ್ಕಿಂತ ಚೆನ್ನಾಗಿ ಮಾಡಿ, ಗೋಡೆಗೆ ನೇತುಹಾಕುವುದು ಅವನ ಬಾಳಿನ ಪರಮ ಸಾಧನೆ.

ಹೌದು, ನೇತುಹಾಕುವುದು. ಬಾರಿಸುವುದು ಅವನ ಕಾರ್ಯಕ್ರಮದಲ್ಲಿ ಇರಲಿಲ್ಲ, ಏಕೆಂದರೆ ಬಾರಿಸಲು ಬರುತ್ತಿರಲಿಲ್ಲ. ರಿಪೇರಿ ಮುಗಿದ ದಿನ ತಂತಿ ಕಟ್ಟಿ, ಬಿರಡೆ ತಿರುಗಿಸಿ ಶ್ರುತಿ ಮಾಡಿ, ತನಗೆ ಗೊತ್ತಿದ್ದ ಒಂದೇ ಒಂದು ಹಿಡಿತವನ್ನು ಒತ್ತಿ ಒಮ್ಮೆ ಝಂಯ್ ಎನ್ನಿಸುತ್ತಿದ್ದ. ಕಣ್ಣು ಮುಚ್ಚಿ ಆ ಸದ್ದು ಸಾಯುವವರೆಗೆ ಕೇಳಿ ತಲೆ ಆಡಿಸುತ್ತಿದ್ದ. ಮರುಕ್ಷಣವೇ, ಮರಕ್ಕೆ ಭಾರವಾದೀತೆಂದು ತಂತಿ ಸಡಿಲಿಸಿ ಗೋಡೆಗೆ ತೂಗುಹಾಕುತ್ತಿದ್ದ. ಖಾಲಿಯಿದ್ದ ಕೋಣೆ ತುಂಬಿತು, ನಡುಮನೆಯ ಓಣಿ ತುಂಬಿತು, ಕಡೆಗೆ ಕಾರು ನಿಲ್ಲಿಸುವ ಮಾಡಿನ ಕೆಳಗೂ ಗಿಟಾರುಗಳೇ ಆಗಿ ಕಾರು ಬಿಸಿಲಿಗೆ ಬಿತ್ತು. ಊರಿನ ಅರ್ಧ ಸಂಗೀತ ಅವನ ಮನೆಯಲ್ಲಿತ್ತು, ಅದರಲ್ಲಿ ಒಂದಕ್ಕೂ ಬಾಯಿರಲಿಲ್ಲ.

ಕ್ಲೆಮ್ ಕೆಲಸದಲ್ಲಿದ್ದಾಗ ಕೌನ್ಸಿಲ್ಲಿನ ರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದ. ಗೋಧಿ ಹೊಲಗಳ ನಡುವಿನ ಮಣ್ಣುದಾರಿಗಳನ್ನು ಇವನು ನೆಟ್ಟಗೆ ಮಾಡುವುದು, ಸುಗ್ಗಿಯಲ್ಲಿ ಲಾರಿಗಳು ಅವನ್ನು ಕೆಡಿಸುವುದು, ಇವನು ಮತ್ತೆ ನೆಟ್ಟಗೆ ಮಾಡುವುದು. ಮುಗಿಯದ ಕೆಲಸದ ರುಚಿ ಅಲ್ಲೇ ಹತ್ತಿರಬೇಕು. ಗಿಟಾರಿಗೆ ಬಂದ ಮೇಲೆ ಆ ರುಚಿಗೆ ಒಂದು ಸಿದ್ಧಾಂತವೂ ಸಿಕ್ಕಿತು. ಅದೇ ಅಂಟಿನ ಸಿದ್ಧಾಂತ.

ದನದ ಚರ್ಮ, ಮೂಳೆ ಕುದಿಸಿ ಮಾಡುವ ಹಳೇ ಕಾಲದ ಅಂಟೊಂದಿದೆ. ಹರಳು ಹರಳಾಗಿ ಬರುತ್ತದೆ. ನೀರಲ್ಲಿ ನೆನೆಹಾಕಿ, ಹದವಾಗಿ ಕಾಯಿಸಿ, ಬಿಸಿ ಆರುವ ಮೊದಲೇ ಹಚ್ಚಬೇಕು. ವಾಸನೆಗೆ ಅಕ್ಕಪಕ್ಕದ ನಾಯಿಗಳೆಲ್ಲ ಬೇಲಿಗೆ ಬಂದು ನಿಲ್ಲುತ್ತವೆ. ಅದರ ದೊಡ್ಡ ಗುಣ ಏನೆಂದರೆ, ಒಣಗಿದರೆ ಕಲ್ಲು, ಮತ್ತೆ ಬಿಸಿ ತೋರಿಸಿದರೆ ಬೆಣ್ಣೆ. ಯಾವ ಗಾಯವೂ ಆಗದೆ ಬಿಚ್ಚಿಕೊಳ್ಳುತ್ತದೆ. ಕ್ಲೆಮ್‌ಗೆ ಅದು ಅಂಟಲ್ಲ, ಧರ್ಮ. "ಅಂಟಿಸಿದ್ದನ್ನ ಬಿಚ್ಚೋಕೆ ಬರ್ಬೇಕು, ಮಾರಾಯ. ಮುಂದೆ ಯಾವನಾದ್ರೂ ನಮಗಿಂತ ಚೆನ್ನಾಗಿ ಕೆಲಸ ಬಲ್ಲವನು ಬರ್ತಾನೆ. ಅವನಿಗೆ ದಾರಿ ಬಿಡ್ಬೇಕು," ಎಂದು ಹಿತ್ತಲಿನ ರಿಪೇರಿ ಶೆಡ್ಡಿಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ. ಆ ಚೆನ್ನಾಗಿ ಬಲ್ಲವನು ಮುಂದಿನ ತಿಂಗಳ ತಾನೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಈ ಧರ್ಮಕ್ಕೆ ಪಕ್ಕದ ಮನೆಯಲ್ಲೇ ಒಬ್ಬ ಪಾಷಂಡಿ ಇದ್ದ. ನೆವ್ ಪಾಸ್ಕೊ. ಫುಟ್‌ಬಾಲ್ ಮೈದಾನದ ದೊಡ್ಡ ಅಂಕಫಲಕ ನೋಡಿಕೊಳ್ಳುವವನು. ಅವನ ಪ್ರಕಾರ ಜಗತ್ತಿನಲ್ಲಿ ಎರಡು ಟ್ಯೂಬು ಕಲಸಿ ಹಚ್ಚುವ ಅಂಟಿನಿಂದ ಆಗದ ಕೆಲಸ ಬೋಲ್ಟಿನಿಂದ ಆಗುತ್ತದೆ. ಒಮ್ಮೆ ತನ್ನ ಮೊಮ್ಮಗಳ ಗಿಟಾರಿಗೂ ಬೋಲ್ಟು ಹೊಡೆದು ತಂದು ತೋರಿಸಿದ್ದ.

"ನೋಡು, ಇನ್ನು ಪ್ರಳಯ ಆದ್ರೂ ಬಿಚ್ಚಲ್ಲ."

"ಅದೇ ಕಣೋ ಅದರ ರೋಗ," ಎಂದು ಕ್ಲೆಮ್ ಮುಖ ತಿರುಗಿಸಿದ್ದ. "ಇದು ರಿಪೇರಿ ಅಲ್ಲ, ಕಸಾಯಿ ಕೆಲಸ."

ಅದಾದ ಮೇಲೆ ತಿಂಗಳೆರಡು ತಿಂಗಳು ಬೇಲಿಯಾಚೆ ಈಚೆ ಮಾತಿರಲಿಲ್ಲ.

ಈಗ ಎನಿಡ್ ವಿಷಯ. ಎನಿಡ್ ಅವನ ಹೆಂಡತಿ. ಹದಿನೇಳರಲ್ಲಿ ಬೇಕರಿಗೆ ಸೇರಿ, ಮಾಂಸ, ಆಲೂಗೆಡ್ಡೆ ತುಂಬಿದ ಕಡುಬಿನಂಥ ಪ್ಯಾಸ್ಟಿಯ ಅಂಚು ಮಡಿಚಿ ಮಡಿಚಿ ಬಂದ ಮೊದಲ ಸಂಬಳಗಳನ್ನು ಕೂಡಿಟ್ಟು ಅಂಚೆಯಲ್ಲಿ ಒಂದು ಗಿಟಾರು ತರಿಸಿಕೊಂಡವಳು. ಶನಿವಾರದ ಕುಣಿತಗಳಲ್ಲಿ ಸಭಾಂಗಣದ ವೇದಿಕೆಯ ಮೇಲೆ ಕೂತು ಬಾರಿಸಿ ಹಾಡುತ್ತಿದ್ದಳು. ಮಡಿಚುವ ಬೆರಳು ಎಷ್ಟು ಚುರುಕೋ ಒತ್ತುವ ಬೆರಳೂ ಅಷ್ಟೇ ಚುರುಕು. ಕ್ಲೆಮ್ ಅವಳನ್ನು ನೋಡಿದ್ದೇ ಅಲ್ಲಿ. ಆ ಗಿಟಾರಿನ ಸದ್ದಿಗೆ ಬಿದ್ದೆ ಎಂದು ಈಗಲೂ ಹೇಳುತ್ತಾನೆ. ಬಿದ್ದವನು ಆ ಸದ್ದನ್ನು ಎಷ್ಟು ಪ್ರೀತಿಸಿದನೆಂದರೆ, ಕೈಗೆ ಸಿಕ್ಕ ಮೇಲೆ ಮತ್ತೆ ಅದು ಯಾರ ಕಿವಿಗೂ ಬೀಳದ ಹಾಗೆ ಮಾಡಿಬಿಟ್ಟ.

ಮಕ್ಕಳು ಬೆಳೆಯುವಷ್ಟು ಕಾಲ ಗಿಟಾರು ಬೀರುವಿನ ಮೇಲಿತ್ತು. ಅವರು ಮನೆ ಬಿಟ್ಟ ಮೇಲೆ ಎನಿಡ್ ಅದನ್ನು ಇಳಿಸಿ ಧೂಳು ಒರೆಸಿದಳು. ತಂತಿಗಳನ್ನು ಬಿಗಿದು ಹಿಡಿಯುವ ಮರದ ತುಂಡು ಇರುತ್ತದಲ್ಲ, ಕುದುರೆ, ಅದರ ಹಿಂಬದಿ ಒಂದು ಕಾಗದ ತೂರುವಷ್ಟು ಎದ್ದಿತ್ತು.

"ಕೊಡು ಇಲ್ಲಿ. ಭಾನುವಾರದೊಳಗೆ ಮಾಡಿ ಕೊಡ್ತೀನಿ," ಎಂದ ಕ್ಲೆಮ್.

ಯಾವ ಭಾನುವಾರ ಎಂದು ಅವಳು ಕೇಳಲಿಲ್ಲ. ಗಂಡನನ್ನು ನಂಬಿದಳು ಪಾಪ.

ಅವನು ಮುಟ್ಟಿದ ಮೊದಲ ಗಿಟಾರು ಅದೇ. ಅದರಿಂದಲೇ ಹುಚ್ಚು ಹತ್ತಿತು. ಮೊದಲ ಸಲ ಒರಟಾಗಿ ಅಂಟಿಸಿ ಕೊಟ್ಟ, ಅವಳು ಒಂದಷ್ಟು ದಿನ ಬಾರಿಸಿದಳು. ಅಷ್ಟರಲ್ಲಿ ಅವನಿಗೆ ಚರ್ಮದಂಟಿನ ಜ್ಞಾನೋದಯವಾಗಿ, ಹಳೆಯದನ್ನು ಕಿತ್ತು ಹೊಸದಾಗಿ ಅಂಟಿಸಲು ತೆಗೆದುಕೊಂಡು ಹೋದ. ಆಮೇಲೆ ಕತ್ತಿನ ಓರೆ ತಿದ್ದುವುದು ಕಲಿತ, ಕತ್ತು ಬಿಚ್ಚಿದ. ಒಳಗಿನ ಆಸರೆಪಟ್ಟಿ ಸವರುವುದು ಕಲಿತ, ಬೆನ್ನು ಬಿಚ್ಚಿದ. ಬೇರೆ ಗಿಟಾರುಗಳ ಮೇಲೆ ಕಲಿತದ್ದೆಲ್ಲ ಇದರಲ್ಲಿ ತಾನು ಮಾಡಿದ ತಪ್ಪುಗಳನ್ನು ಅವನಿಗೆ ತೋರಿಸುತ್ತಿತ್ತು. ಡಲ್ಸಿಯ ಅಂಗಡಿಯ ಇಲಿಗೂಡಿನ ಗಿಟಾರುಗಳೆಲ್ಲ ಗುಣವಾಗಿ ಗೋಡೆ ಏರಿದವು, ಹೆಂಡತಿಯದು ಮಾತ್ರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಇಪ್ಪತ್ತು ವರ್ಷ ಹೀಗೇ ಕಳೆಯಿತು.

"ನಂದು ಯಾವಾಗ?" ಎಂದು ಅವಳು ಬಾಗಿಲಲ್ಲಿ ನಿಂತು ಆಗಾಗ ಕೇಳುತ್ತಿದ್ದಳು.

"ಒಳಗಡೆ ಒಂದು ಪಟ್ಟಿ ಸಡಿಲ ಇದೆ ಅನ್ನಿಸ್ತಿದೆ."

"ಅನ್ನಿಸ್ತಿದೆಯಾ, ಇದೆಯಾ?"

"ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ."

"ನನ್ನೂ ಒಂದಿನ ಆ ಮೇಜಿನ ಮೇಲೆ ಮಲಗಿಸಿ ನೋಡು. ನನ್ನಲ್ಲೂ ಏನೇನೋ ಸಡಿಲ ಆಗಿದೆ."

ಅಂಟಿನ ಬಗ್ಗೆ, ಮರದ ಬಗ್ಗೆ, ಗಿಟಾರನ್ನು ಎಲ್ಲಿಡಬೇಕು ಎಲ್ಲಿಡಬಾರದು ಎನ್ನುವುದರ ಬಗ್ಗೆ ಕ್ಲೆಮ್ ಊಟದ ಹೊತ್ತಿಗೆ ಕೊಡುತ್ತಿದ್ದ ಉಪನ್ಯಾಸಗಳು ಅವಳ ಪಾಲಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೇಳಿ ಕೇಳಿ ಕಿವಿ ತಾನಾಗಿಯೇ ಮುಚ್ಚಿಕೊಳ್ಳುವುದನ್ನು ಕಲಿತಿತ್ತು. ಯಾವ ಹೆಂಡತಿಯಾದರೂ ಅಷ್ಟೇ ಮಾಡುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ಚಳಿಗಾಲದಲ್ಲಿ ಅವಳ ಬೆರಳಿನ ಗೆಣ್ಣುಗಳು ಊದಿಕೊಂಡವು. ಡಾಕ್ಟರು ಕೈ ಹಿಡಿದು ಮಡಿಸಿ ಬಿಡಿಸಿ ನೋಡಿ, ಇದು ವಾಸಿಯಾಗುವುದಲ್ಲ, ನಿಧಾನ ಮಾಡಬಹುದು ಅಷ್ಟೇ, ಬರಬರುತ್ತಾ ಬೆರಳು ಸೆಟೆದುಕೊಳ್ಳುತ್ತವೆ ಎಂದರು. ಅವಳು ಮನೆಗೆ ಬಂದು ಕ್ಲೆಮ್‌ಗೆ ಅಷ್ಟನ್ನೇ ಹೇಳಿದಳು. ಅವನು ಹುಬ್ಬುಗಂಟಿಕ್ಕಿ, ಬಿಸಿನೀರಿನಲ್ಲಿ ಅದ್ದಿದರೆ ಸಡಿಲವಾಗಬಹುದು ಎಂದ. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ವಸಂತ ಮುಗಿಯುವ ಹೊತ್ತಿಗೆ ಡಲ್ಸಿ ಬಂದಳು. ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಸಂಜೆ ಊರಿಗೆ ಊರೇ ಫುಟ್‌ಬಾಲ್ ಮೈದಾನದಲ್ಲಿ ಮೇಣದಬತ್ತಿ ಹಿಡಿದು ಕೂತು ಹಾಡುವುದು ನಮ್ಮಲ್ಲಿ ವಾಡಿಕೆ; ನಮ್ಮ ಕಡೆ ಆ ಹಬ್ಬ ಬರುವುದೇ ಬೇಸಿಗೆಯಲ್ಲಿ. ಚರ್ಚಿನಲ್ಲೂ ಈ ಹಾಡಿಗೂ ಕೀಬೋರ್ಡು ನುಡಿಸುತ್ತಿದ್ದವನು ಮಗಳ ಮನೆ ಸೇರಿ ದೂರದ ಕ್ವೀನ್ಸ್‌ಲ್ಯಾಂಡಿನವನಾಗಿದ್ದ.

"ನೀನು ಬಾರಿಸ್ತಿದ್ಯಲ್ಲ, ಎನಿಡ್. ಈ ಸಲ ನೀನೇ ಬಾ," ಎಂದಳು ಡಲ್ಸಿ. "ನಿಮ್ಮನೇಲಿ ಗಿಟಾರಿಗೇನು ಬರ ಇಲ್ಲವಲ್ಲ."

ಎನಿಡ್ ಒಪ್ಪಿಕೊಂಡು ನೆಟ್ಟಗೆ ಶೆಡ್ಡಿಗೆ ನಡೆದಳು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೇ ಬಂದಳು.

"ಶನಿವಾರದ ಹಾಡಿಗೆ ನಾನು ಬಾರಿಸ್ತೀನಿ, ಕ್ಲೆಮ್. ನನ್ನ ಗಿಟಾರಲ್ಲಿ."

"ಗೋಡೆ ಮೇಲಿಂದು ಯಾವುದಾದ್ರೂ ತಗೋ. ನೀನು ಅಂತ ಕೊಡ್ತೀನಿ."

"ಅವು ನಿನ್ನವು. ನನಗೆ ನನ್ನದು ಬೇಕು. ಬೆರಳು ಇನ್ನೂ ನನ್ನ ಮಾತು ಕೇಳ್ತಿರೋವಾಗ ಒಂದ್ಸಲ ಅದನ್ನ ಬಾರಿಸ್ಬೇಕು. ಮುಂದಿನ ವರ್ಷಕ್ಕೆ ಕೇಳುತ್ತೋ ಇಲ್ವೋ ನನಗೆ ಗೊತ್ತಿಲ್ಲ."

ಅಷ್ಟು ಹೇಳಿ ಹೋದಳು. ಕ್ಲೆಮ್ ಮೇಜಿನ ಮೇಲಿನ ಬಿಚ್ಚಿದ ಹೊಟ್ಟೆಯನ್ನು ನೋಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ, ಮೀರುತ್ತಿರುವ ಹೊತ್ತು ಕಂಡಿತು. ಹೆದರಿಕೆಯೂ ಆಯಿತು.

ಕೆಲಸ ಮಾಡಿದ, ಇಲ್ಲವೆನ್ನುವಂತಿಲ್ಲ. ಬೆನ್ನು ಮುಚ್ಚಿದ, ಕತ್ತು ಕೂರಿಸಿದ. ಬೆರಳಿಗೆ ನೋವಾಗದಿರಲಿ ಎಂದು ತಂತಿ ತೀರಾ ಮೇಲಿರದ ಹಾಗೆ ನೋಡಿಕೊಂಡ. ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದು ಕೂರಿಸಿ, ಉಜ್ಜಿ, ಉಗುರಿಗೂ ತಾಕದಷ್ಟು ನುಣುಪು ಮಾಡಿದ. ಕಡೆಗೆ ಕುದುರೆಯನ್ನು ಅಂಟಿಸಿದ, ಚರ್ಮದಂಟಿನಲ್ಲೇ. ಇತ್ತ ಎನಿಡ್ ಅಡುಗೆಮನೆಯಲ್ಲಿ ಲಟ್ಟಣಿಗೆಯ ಮೇಲೆ ಹಿಡಿತಗಳನ್ನು ಅಭ್ಯಾಸ ಮಾಡುತ್ತಿದ್ದಳು. ನಲವತ್ತು ಗಿಟಾರಿರುವ ಮನೆಯಲ್ಲಿ ಹೆಂಗಸೊಬ್ಬಳು ಲಟ್ಟಣಿಗೆ ಬಾರಿಸುವುದನ್ನು ನೋಡಿ ನೆವ್ ಬೇಲಿಯ ಮೇಲೆ ಮೊಣಕೈ ಊರಿ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದನಂತೆ.

ಶುಕ್ರವಾರ ಸಂಜೆ ಗಿಟಾರು ಅವಳ ಕೈಗೆ ಬಂತು. ಅಡುಗೆಮನೆಯಲ್ಲಿ ಕೂತು ಒಂದು ಹಾಡು ಬಾರಿಸಿದಳು. ನಡುವೆ ಒಂದೆರಡು ಕಡೆ ಮುಖ ಕಿವುಚಿದಳು, ಆದರೆ ಮುಗಿಸಿದಳು. ಮುಗಿದ ಮೇಲೆ ಗಿಟಾರಿನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡಳು. ಕ್ಲೆಮ್ ಬಾಗಿಲಿಗೊರಗಿ ನೋಡುತ್ತಿದ್ದ. ಗಂಡಸಾದವನು ಅಂಥ ಹೊತ್ತಿನಲ್ಲಿ ಒಂದು ಒಳ್ಳೆಯ ಮಾತು ಆಡಬಹುದು. ಇವನು ಆಡಿದ್ದು, "ಮೂರನೇ ತಂತಿ ಒಂಚೂರು ಗುಂಯ್ ಅಂತಿದೆ, ಅಲ್ವಾ?"

ಶನಿವಾರ ಬೆಳಿಗ್ಗೆಯೇ ನೊಣ ಹಿಂಡುಗಟ್ಟಿದ್ದವು. ರೇಡಿಯೋದವನು ನಲವತ್ನಾಲ್ಕು ಡಿಗ್ರಿ ಎಂದ, ಹೊರಗೆಲ್ಲೂ ಬೆಂಕಿ ಹಚ್ಚುವಂತಿಲ್ಲ ಎಂದ. ಮಧ್ಯಾಹ್ನದ ಊಟವಾದ ಮೇಲೆ ಎನಿಡ್ ಶೆಡ್ಡಿಗೆ ಬಂದು ನೋಡುತ್ತಾಳೆ, ಕ್ಲೆಮ್ ಅವಳ ಗಿಟಾರಿನ ಹೊಟ್ಟೆಯೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು ಇಣುಕುತ್ತಿದ್ದಾನೆ, ಪಕ್ಕದಲ್ಲಿ ಅಂಟು ಬಿಡಿಸುವ ತೆಳು ಚಾಕು ಕಾಯುತ್ತಿದೆ.

"ಕ್ಲೆಮ್."

"ಒಂದೇ ಒಂದು ಪಟ್ಟಿ. ಸಂಜೆಯೊಳಗೆ..."

ಗಿಟಾರನ್ನು ಎತ್ತಿ ಪೆಟ್ಟಿಗೆಗೆ ಹಾಕಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಬರಿಗೈಲಿ ಬಂದಳು.

"ಎಲ್ಲಿಟ್ಟೆ?"

"ನೀನು ಬಿಚ್ಚಲಾಗದ ಜಾಗದಲ್ಲಿ."

ಕ್ಲೆಮ್ ಹುಡುಕಿದ. ಬೀರು ನೋಡಿದ, ಮಂಚದ ಕೆಳಗೆ ನೋಡಿದ, ಬಟ್ಟೆ ಒಗೆಯುವ ಕೋಣೆಯಲ್ಲಿ ಕೊಳೆ ಬಟ್ಟೆ ಎತ್ತಿ ನೋಡಿದ. ಕಾರಿನಲ್ಲಿ ಮಾತ್ರ ನೋಡಲಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಿಟಾರನ್ನು ಇಡುವಂಥ ಪ್ರಾಣಿ ಭೂಮಿಯ ಮೇಲೆ ಇದೆಯೆಂದು ಅವನ ತಲೆಗೆ ಹೊಳೆಯುವುದೇ ಅಸಾಧ್ಯವಾಗಿತ್ತು. ಇಪ್ಪತ್ತು ವರ್ಷದ ಉಪನ್ಯಾಸಗಳಲ್ಲಿ ಎನಿಡ್ ಕೇಳಿಸಿಕೊಳ್ಳಬೇಕಿದ್ದದ್ದು ಒಂದೇ ಒಂದಿತ್ತು, ಅದೂ ಉಳಿದವುಗಳ ಜೊತೆಗೇ ಹೋಗಿತ್ತು.

ಸಂಜೆ ಹೊರಟರು. ಕಾರಿನ ಹಿಂಬದಿಯಲ್ಲಿ ಮಡಿಸುವ ಕುರ್ಚಿಗಳು, ಕಂಬಳಿ, ಪ್ಯಾಸ್ಟಿಯ ಬುಟ್ಟಿ. ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಬೆಂಕಿ ನಿಷೇಧದ ದಿನವಾದ್ದರಿಂದ ಎಲ್ಲರ ಕೈಯಲ್ಲೂ ಬ್ಯಾಟರಿ ಮೇಣದಬತ್ತಿ. ಕ್ಲೆಮ್ ಅಂಕಫಲಕದ ಪಕ್ಕದಲ್ಲಿ ಕಾರು ನಿಲ್ಲಿಸಿದ.

"ಸರಿ, ಈಗಲಾದ್ರೂ ಹೇಳು. ಎಲ್ಲಿದೆ? ಡಲ್ಸಿ ಹತ್ರ ಇದೆಯಾ?"

"ಇಲ್ಲೇ ಇದೆ. ಕಂಬಳಿ ಕೆಳಗೆ."

"ಯಾವಾಗಿಂದ?"

"ಊಟ ಆದಾಗಿಂದ. ಬೀಗ ಹಾಕಿ ಕೀ ನನ್ನ ಹತ್ರಾನೇ ಇಟ್ಕೊಂಡಿದ್ದೆ." ಅವಳ ದನಿಯಲ್ಲಿ ಗೆದ್ದವಳ ಸಂತೋಷವಿತ್ತು.

ಕ್ಲೆಮ್ ಧಡಕ್ಕನೆ ಇಳಿದು ಹಿಂಬಾಗಿಲು ತೆಗೆದ. ಪೆಟ್ಟಿಗೆಯ ಕೊಂಡಿ ಕೈ ಸುಡುತ್ತಿತ್ತು. ಮುಚ್ಚಳ ತೆರೆದರೆ, ಕುದುರೆ ಕಿತ್ತುಬಂದು ಆರು ತಂತಿಗಳಿಗೆ ಜೋತುಬಿದ್ದಿತ್ತು. ಅದು ಕೂತಿದ್ದ ಜಾಗದಲ್ಲಿ ಒಂದು ಚೂರು ಸಿಬಿರು ಎದ್ದಿರಲಿಲ್ಲ, ಒಂದು ಗೀರು ಬಿದ್ದಿರಲಿಲ್ಲ. ಅಂಟು ತನ್ನ ಧರ್ಮವನ್ನು ಅಷ್ಟು ಸೊಗಸಾಗಿ ಪಾಲಿಸಿತ್ತು. ಬೇರೆ ದಿನವಾಗಿದ್ದರೆ ಕ್ಲೆಮ್ ಊರವರನ್ನೆಲ್ಲ ಕರೆದು ತೋರಿಸುತ್ತಿದ್ದ.

ಎನಿಡ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ನಾನೇ ಕೆಡಿಸಿದ್ನಾ?"

ಸಾವಿರ ಸಲ ಹೇಳಿರಲಿಲ್ಲವೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ. "ಬಿಸಿಲು," ಎಂದಷ್ಟೇ ಹೇಳಿದ. "ಅಂಟಿಸಿದ್ರೆ ಒಣಗೋಕೆ ನಾಳೆ ಆಗುತ್ತೆ. ಮನೆಗೆ ಓಡಿ ಬೇರೆ ಒಂದು..."

"ಬೇಡ." ಅವಳು ಕಾರಿನ ಅಂಚಿನ ಮೇಲೆ ಕೂತು, ಎಡಗೈಯ ಬೆರಳುಗಳನ್ನು ಬಲಗೈಯಿಂದ ಮೆಲ್ಲಗೆ ಉಜ್ಜಿಕೊಂಡಳು. "ಡಲ್ಸಿಗೆ ಹೇಳ್ತೀನಿ, ಹಾಗೇ ಬಾಯಲ್ಲೇ ಹಾಡ್ಲಿ. ನನಗಿದು ಬರೆದಿಲ್ಲ ಅಂತ ಕಾಣುತ್ತೆ, ಬಿಡು."

ಅವಳು ಅಳಲಿಲ್ಲ. ಅತ್ತಿದ್ದರೆ ಕ್ಲೆಮ್‌ಗೆ ಸುಲಭವಾಗುತ್ತಿತ್ತು. ಇಪ್ಪತ್ತು ವರ್ಷ ಬಿಚ್ಚಿದವನು ತಾನು, ಒಂದು ಮಧ್ಯಾಹ್ನ ಬಚ್ಚಿಟ್ಟವಳು ಅವಳು, ಅವಳೇ ತಪ್ಪೊಪ್ಪಿಕೊಂಡು ಕೂತಿದ್ದಾಳೆ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಂಕಫಲಕದ ಕೆಳಗಿನ ಕೋಣೆಯತ್ತ ತಿರುಗಿ ಕೂಗಿದ.

"ನೆವ್. ಬೋಲ್ಟ್ ಇದೆಯಾ?"

ನೆವ್ ಹೊರಗೆ ಬಂದು, ಬಿಸಿಲು ತಲೆಗೆ ಹೊಡೆದಿರಬೇಕೆಂಬಂತೆ ಅವನನ್ನು ನೋಡಿದ. "ಯಾತಕ್ಕೆ?"

"ಕುದುರೆಗೆ."

"ತೂತು ಹೊಡ್ದು?"

"ತೂತು ಹೊಡ್ದು. ನಟ್ಟು, ಬಿಲ್ಲೆ, ತಿರುಪುಳಿ ಎಲ್ಲ ತಾ. ಕೈ ಬೈರಿಗೆ ಇದ್ರೆ ಅದನ್ನೂ."

ಬೇಲಿಯಾಚೆಯಿಂದ ಇಷ್ಟು ವರ್ಷ ಇಂಥದೊಂದು ಗಳಿಗೆಗೆ ಕಾದಿದ್ದ ನೆವ್, ಅದು ಬಂದಾಗ ಹೆಣ ಹೋಗುವಾಗ ತೆಗೆಯುವ ಹಾಗೆ ಟೊಪ್ಪಿಗೆ ತೆಗೆದ. ಅಂಕಫಲಕದಲ್ಲಿ ಎದುರಾಳಿ ತಂಡದ ಅಂಕೆ ತೂಗುಹಾಕುವ ಕೊಕ್ಕೆಗಳ ಎರಡು ಬೋಲ್ಟು ಬಿಚ್ಚಿ ತಂದುಕೊಟ್ಟ.

ಕ್ಲೆಮ್ ತಂತಿ ಸಡಿಲಿಸಿ, ಕುದುರೆಯನ್ನು ಅದರ ಜಾಗಕ್ಕಿಟ್ಟು, ಉಸಿರು ಬಿಗಿಹಿಡಿದು ಬೈರಿಗೆ ತಿರುಗಿಸಿದ. ಮರದ ಪುಡಿ ಉದುರಿತು. ಎರಡು ತೂತಾದವು. ನಟ್ಟನ್ನು ಒಳಗಿನಿಂದ ಹಿಡಿಯಬೇಕಿತ್ತು. ಕ್ಲೆಮ್‌ನ ಕೈ ಗಿಟಾರಿನ ಬಾಯೊಳಗೆ ಹೋಗುವಂಥದ್ದಲ್ಲ, ನೆವ್‌ನದಂತೂ ಹಾರೆಯ ಹಿಡಿ. ಎನಿಡ್ ಎದ್ದು ಬಂದು ತೋಳು ಮಡಿಚಿ ಕೈ ಒಳಗೆ ಹಾಕಿದಳು.

"ಸಿಕ್ತಾ?"

"ಸಿಕ್ತು. ತಿರುಗಿಸು."

"ಜಾರ್ತಿದೆ."

"ನನ್ನ ಕೈಲಿ ಜಾರ್ತಿರೋದು ನನಗೆ ಗೊತ್ತಾಗಲ್ವಾ? ಇನ್ನೊಂದ್ಸಲ ತಿರುಗಿಸು."

ಅವಳು ತುಟಿ ಕಚ್ಚಿ ಹಿಡಿದಿದ್ದಳು. ಹಣೆಯ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕಿತು.

"ನೋಯ್ತಿದೆಯಾ?" ಎಂದ ಕ್ಲೆಮ್.

"ಅಬ್ಬ, ಕೇಳಿದ ನೋಡು. ಬಿಗಿ ಮಾಡು ಮಾರಾಯ, ಡಲ್ಸಿ ಕೈ ಬೀಸ್ತಿದ್ದಾಳೆ."

ಬಿಗಿಯಾಯಿತು. ಎರಡು ತುಕ್ಕು ಹಿಡಿದ ಬೋಲ್ಟಿನ ತಲೆಗಳು ಗಿಟಾರಿನ ಎದೆಯ ಮೇಲೆ, ಮದುವಣಗಿತ್ತಿಯ ಹಣೆಯಲ್ಲಿ ಎದ್ದ ಗುಳ್ಳೆಗಳ ಹಾಗೆ ಎದ್ದು ಕಾಣುತ್ತಿದ್ದವು. ತಂತಿ ಏರಿಸಿದರೆ ಶ್ರುತಿ ನಿಂತಿತು.

ಎನಿಡ್ ವೇದಿಕೆಗೆ ಹೋಗಿ ಕೂತಳು. ಕ್ಲೆಮ್ ಜನರ ನಡುವೆ ಕೂರಲಾರದೆ ಅಂಕಫಲಕಕ್ಕೆ ಒರಗಿ ನಿಂತ. ಮೊದಲ ಹಾಡಿಗೆ ಗಿಟಾರು ಬಾಯಿ ಬಿಟ್ಟಾಗ ಅವನ ಮೈ ಜುಮ್ಮೆಂದಿತು. ಅಗ್ಗದ ಮರದ ಆ ಒಣ, ಗಟ್ಟಿ ಸದ್ದು, ಕುಣಿತದ ರಾತ್ರಿಗಳಲ್ಲಿ ಕೇಳಿದ್ದೇ. ಊರು ಜೊತೆಗೆ ಹಾಡಿತು. ಎರಡನೆಯದೂ ಚೆನ್ನಾಗಿಯೇ ಹೋಯಿತು. ಮೂರನೆಯದರ ನಡುವೆ ಒಂದು ಕಡೆ, ಝಂಯ್ ಎನ್ನಬೇಕಾದ ಗಿಟಾರು ಟಪ್ ಎಂದಿತು.

ಕ್ಲೆಮ್‌ನ ಕಿವಿ ನಿಮಿರಿತು. ಬೋಲ್ಟು ಸಡಿಲವಾಯಿತೇ? ಇಲ್ಲ, ಹಾಗಾದರೆ ಶ್ರುತಿಯೇ ಇಳಿಯುತ್ತಿತ್ತು. ಕತ್ತು ಬಿಸಿಗೆ ಸೊಟ್ಟಗಾಯಿತೇ? ಮತ್ತೆ ಅದೇ ಜಾಗಕ್ಕೆ ಬಂದಾಗ ಮತ್ತೆ ಟಪ್. ಅವನು ಕತ್ತು ಚಾಚಿ ನೋಡಿದ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಡ್ಡ ಮಲಗಿಸಿ ಮೊದಲ ಮೆಟ್ಟಿಲಲ್ಲಿ ಒತ್ತಬೇಕಾದ ಹಿಡಿತ ಅದು. ಅವಳ ಬೆರಳು ಮಲಗುತ್ತಿರಲಿಲ್ಲ. ಗೆಣ್ಣಿನಲ್ಲಿ ಅರ್ಧ ಮಡಿಚಿಕೊಂಡು ಹಾಗೇ ನಿಂತುಬಿಡುತ್ತಿತ್ತು. ಅವಳು ಆ ಜಾಗ ಬಂದಾಗಲೆಲ್ಲ ದನಿ ಏರಿಸಿ ಹಾಡಿ, ತಪ್ಪನ್ನು ಮುಚ್ಚಿ, ಮುಂದೆ ಸಾಗುತ್ತಿದ್ದಳು. ಮೂರು ಮನೆಯಾಚೆಯ ತಂತಿಯ ಗುಂಯ್ ಕೇಳಿಸಿಕೊಳ್ಳಬಲ್ಲ ಕ್ಲೆಮ್‌ಗೆ, ಗಿಟಾರಿನಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅರ್ಥವಾಯಿತು. ಹೋದ ವರ್ಷ, ಅದಕ್ಕೂ ಹಿಂದಿನ ವರ್ಷ, ಆ ಬೆರಳು ಮಲಗುತ್ತಿತ್ತು. ಆಗ ಗಿಟಾರು ಇವನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

ಹಾಡು ಮುಗಿದು ಚಪ್ಪಾಳೆಯೂ ಮುಗಿದ ಮೇಲೆ ಜನ ಅವಳ ಸುತ್ತ ನೆರೆದರು. ಡಲ್ಸಿ ತಬ್ಬಿಕೊಂಡಳು. ನೆವ್ ಪ್ಯಾಸ್ಟಿ ತಿನ್ನುತ್ತಾ ಬಂದ.

"ಭಾಳ ಚೆನ್ನಾಗಿತ್ತು ಎನಿಡ್. ನಡುನಡುವೆ ಅದೇನೋ ಟಪ್ ಟಪ್ ಅಂತಿತ್ತಲ್ಲ, ಏನದು? ನನ್ನ ಬೋಲ್ಟಂತೂ ಅಲ್ಲ."

ಎನಿಡ್‌ಳ ಎಡಗೈ ಮೆಲ್ಲಗೆ ಸ್ಕರ್ಟಿನ ಜೇಬಿನೊಳಗೆ ಹೋಯಿತು.

"ಅದು ನನ್ನ ಕೆಲಸ," ಎಂದ ಕ್ಲೆಮ್. "ಮೊದಲನೇ ಮೆಟ್ಟಿಲು ಎದ್ದಿದೆ. ಸರಿಯಾಗಿ ಬಡಿದು ಕೂರಿಸಿರಲಿಲ್ಲ ನಾನು."

"ನೀನಾ?"

"ನಾನೇ. ಅವಸರದಲ್ಲಿ ಕೆಟ್ಟದಾಗಿ ಕೂರಿಸಿಬಿಟ್ಟೆ. ಅಂಥದ್ರಲ್ಲಿ ಯಾರು ಒತ್ತಿದ್ರೂ ಅಷ್ಟೇ ಬರೋದು. ಇವಳಾಗಿದ್ದಕ್ಕೆ ಇಷ್ಟಾದ್ರೂ ಹೊರಡ್ತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರೆ. ನೆಲ ಹಾಕಿದವನೇ ಬಂದು ನೆಲ ಡೊಂಕು ಎಂದದ್ದನ್ನು ನಮ್ಮೂರು ಅಂದೇ ನೋಡಿದ್ದು. ನೆವ್‌ಗೆ ಹಬ್ಬವೋ ಹಬ್ಬ.

"ಕೇಳಿದ್ರೇನ್ರಪ್ಪಾ? ಇಪ್ಪತ್ತು ವರ್ಷ ಬಿಚ್ಚಿ ಬಿಚ್ಚಿ ಅಂಟಿಸಿದ್ದು, ಕೊನೆಗೆ ಒಂದು ಮೆಟ್ಟಿಲು ನೆಟ್ಟಗೆ ಕೂರಿಸಲಿಲ್ವಂತೆ."

ಎಲ್ಲರೂ ನಕ್ಕರು. ಇನ್ನೊಂದು ಹತ್ತು ವರ್ಷ ನಗುತ್ತಾರೆ, ನಮ್ಮೂರು ಹಾಗೆಯೇ. ಕ್ಲೆಮ್ ತಲೆ ತಗ್ಗಿಸಿ ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡ.

ದಾರಿಯಲ್ಲಿ ಕಾರಿನ ಕಿಟಕಿಗಳೆಲ್ಲ ತೆರೆದಿದ್ದವು. ಸಮುದ್ರದ ಕಡೆಯಿಂದ ಕಡೆಗೂ ಒಂದಿಷ್ಟು ತಂಪು ಗಾಳಿ ಬರುತ್ತಿತ್ತು. ಗಿಟಾರಿನ ಪೆಟ್ಟಿಗೆ ಎನಿಡ್‌ಳ ತೊಡೆಯ ಮೇಲಿತ್ತು.

"ಮೊದಲನೇ ಮೆಟ್ಟಿಲು ನೆಟ್ಟಗೇ ಇದೆ," ಎಂದಳು ಅವಳು.

"ಗೊತ್ತು."

"ಊರೆಲ್ಲ ಆಡ್ಕೋತಾರೆ ನಿನ್ನ."

"ಆಡ್ಕೊಳ್ಲಿ."

ಅವಳು ಜೇಬಿನಿಂದ ಕೈ ತೆಗೆದು ಪೆಟ್ಟಿಗೆಯ ಮೇಲಿಟ್ಟಳು. ಬೆರಳುಗಳು ಸೋತಿದ್ದವು, ತೋರುಬೆರಳು ಇನ್ನೂ ಅರ್ಧ ಮಡಿಚಿಕೊಂಡೇ ಇತ್ತು. ಕ್ಲೆಮ್ ಒಂದು ಕೈಯಿಂದ ಕಾರು ನಡೆಸುತ್ತಾ ಇನ್ನೊಂದನ್ನು ಅದರ ಮೇಲಿಟ್ಟ. ಆ ಗೆಣ್ಣು ಎಷ್ಟು ಬಿಸಿಯಾಗಿದೆ ಎಂದು ಅವನಿಗೆ ಆಗಲೇ ಗೊತ್ತಾದದ್ದು.

"ಆ ಹಿಡಿತ ಬೇಡದ ಹಾಡುಗಳೂ ಇವೆ," ಎಂದಳು ಎನಿಡ್. "ಬೇಕಾದಷ್ಟಿವೆ."

ಮನೆ ಬಂತು. ಕ್ಲೆಮ್ ಪೆಟ್ಟಿಗೆ ಇಳಿಸಿಕೊಂಡು, ಶೆಡ್ಡಿನತ್ತ ಹೋಗದೆ, ಅಡುಗೆಮನೆಯ ದೀಪ ಹಾಕಿ, ಅವಳಿಗೆ ಕುರ್ಚಿ ಎಳೆದುಕೊಟ್ಟ.